ಹಂಗೇರಿಯ ಜನಪದ ಗೀತೆಗಳ ಸಂಗ್ರಹ: ಆರಂಭದ ಇತಿಹಾಸ

ಹಂಗೇರಿಯ ಜನಪದ ಗೀತೆಗಳನ್ನು ಮೊದಲು ಕಲೆಹಾಕಿದವರು ಸಂಗೀತ ಸಂಯೋಜಕರಾದ ಬೇಲಾ ಬಾರ್ಟೋಕ್ ಮತ್ತು ಜೋಲ್ತಾನ್ ಕೊದಾಯ್ ಎಂಬ ಮಾತು ರೂಢಿಯಲ್ಲಿದೆ. ಆದರೆ 1905ರಲ್ಲಿ ಕೊದಾಯ್ ಹಳ್ಳಿಗಳತ್ತ ಹೊರಡುವ ಹೊತ್ತಿಗೆ ಈ ಕೆಲಸಕ್ಕೆ ನೂರಕ್ಕೂ ಹೆಚ್ಚು ವರ್ಷಗಳಾಗಿದ್ದವು. ಅಷ್ಟು ಕಾಲವೂ ಸಂಗ್ರಹವಾದದ್ದು ಬಹುಪಾಲು ಹಾಡಿನ ಮಾತು. ಧಾಟಿ ಹಿಂದೆ ಉಳಿಯಿತು. ಇದು ಅಸಡ್ಡೆಯ ಫಲವಲ್ಲ. ಲ್ಯಾಟಿನ್ ಮತ್ತು ಜರ್ಮನ್ ಭಾಷೆಗಳ ನೆರಳಿನಲ್ಲಿದ್ದ ವಿದ್ವಾಂಸರು ಹಾಡಿನಲ್ಲಿ ಅರಸಿದ್ದು ತಮ್ಮ ನುಡಿಯ ಬೇರನ್ನು. 1782ರಲ್ಲಿ ‘ಮಗ್ಯಾರ್ ಹಿರ್ಮೊಂದೋ’ ಪತ್ರಿಕೆ ಹಳೆಯ ಹಾಡುಗಳನ್ನು ಕಳಿಸಿಕೊಡಿ ಎಂದು ಓದುಗರನ್ನು ಕೋರಿದ್ದು ಈ ಹಂಬಲದಿಂದಲೇ. ಯಾನೋಶ್ ಎರ್ದೇಯಿ 1846-48ರಲ್ಲಿ ಪ್ರಕಟಿಸಿದ ಮೂರು ಸಂಪುಟಗಳಲ್ಲಿ ಸ್ವರಲಿಪಿ ಬಲು ವಿರಳ. ಯಾನೋಶ್ ಕ್ರಿಜಾ 1863ರಲ್ಲಿ ಹೊರತಂದ, ಟ್ರಾನ್ಸಿಲ್ವೇನಿಯಾದ ಹಂಗೇರಿಯನ್ ಭಾಷಿಕರಾದ ಸೇಕೆಯ್ ಜನರ ‘ವದ್‌ರೋಜಾಕ್’ ಸಂಕಲನದಲ್ಲಿ ಕಥನಗೀತೆಗಳ ಜೊತೆಗೆ ಒಗಟು, ಗಾದೆ, ಪ್ರಾದೇಶಿಕ ಪದಗಳೂ ಇವೆ, ಧಾಟಿಗಳಿಲ್ಲ. ಅದರ ಕೆಲವು ಕಥನಗೀತೆಗಳು ರೊಮೇನಿಯನ್ನರಿಂದ ಕದ್ದವು ಎಂಬ ಆರೋಪ ಮರುವರ್ಷ ಎದ್ದಾಗ, ಇಡೀ ವಾದ ಕಥೆ ಮತ್ತು ಪದಗಳ ಮೇಲೆಯೇ ನಡೆಯಬೇಕಾಯಿತು.

ಧಾಟಿಗಳನ್ನೂ ಬರೆದಿಟ್ಟವರು ಇರಲಿಲ್ಲವೇ ಎಂದು ಆಕ್ಷೇಪಿಸಬಹುದು. ಇದ್ದರು. ಆದಾಮ್ ಪಾಲೋತ್ಸಿ ಹೋರ್ವಾತ್ 1813ರಲ್ಲಿ ಸುಮಾರು 450 ಹಾಡುಗಳನ್ನು ಧಾಟಿಸಹಿತ ದಾಖಲಿಸಿದ. ಆದರೆ ಅವುಗಳಲ್ಲಿ ಅವನದೇ ರಚನೆಗಳೂ ಬೆರೆತಿದ್ದವು. ಹಸ್ತಪ್ರತಿ ಅಚ್ಚಾದದ್ದು 20ನೆಯ ಶತಮಾನದಲ್ಲಿ. ಇಶ್ತ್ವಾನ್ ಬರ್ತಲುಶ್‌ನ ಏಳು ಸಂಪುಟಗಳು (1873-96) ಹೆಚ್ಚು ತೂಕದ ಉತ್ತರವನ್ನು ಬೇಡುತ್ತವೆ. ಅವುಗಳಲ್ಲಿ ಧಾಟಿಗಳು ಧಾರಾಳವಾಗಿವೆ. ಆದರೆ ಎಲ್ಲಕ್ಕೂ ಪಿಯಾನೋ ಪಕ್ಕವಾದ್ಯದ ಚೌಕಟ್ಟು. ನಗರದಲ್ಲಿ ಹುಟ್ಟಿ ಜಿಪ್ಸಿ ವಾದ್ಯಮೇಳಗಳಿಂದ ಜನಪ್ರಿಯವಾದ ಹಾಡುಗಳೂ ಜನಪದವೆಂದೇ ಸೇರಿಕೊಂಡಿವೆ. ಹಳೆಯ ಹಾಡುಗಳನ್ನು ಹಳ್ಳಿಗರು ಮಾತಿನ ಓಟಕ್ಕೆ ತಕ್ಕಂತೆ ಎಳೆದು, ನಿಲ್ಲಿಸಿ ಹಾಡುತ್ತಿದ್ದರು. ಸಮಗತಿಯ ತಾಳಕ್ಕೆ ಕೂರಿಸಿದರೆ ಆ ಗುಣವೇ ಅಳಿದುಹೋಗುತ್ತದೆ.

ಈ ತೊಡಕನ್ನು ಬಿಡಿಸಿದವನು ಸಂಗೀತಗಾರನಲ್ಲ, ಭಾಷಾವಿದ್ವಾಂಸ ಬೇಲಾ ವಿಕಾರ್. ಸಂಸತ್ತಿನ ಶೀಘ್ರಲಿಪಿಕಾರನಾಗಿದ್ದ ಅವನ ಕೈ ಮಾತನ್ನು ಹಿಡಿಯಬಲ್ಲದಾಗಿತ್ತು, ಧಾಟಿಯನ್ನಲ್ಲ. ಹಾಗಾಗಿ 1896ರ ಕೊನೆಯಲ್ಲಿ ಅವನು ಫೋನೋಗ್ರಾಫ್ ಹಿಡಿದು ಹಳ್ಳಿಗಳಿಗೆ ಹೋದ. ಹಾಡುಗಾರ ಕಹಳೆಯ ಬಾಯಿಗೆ ಮುಖವೊಡ್ಡಿ ಹಾಡಿದರೆ ಸೂಜಿ ಮೇಣದ ಉರುಳೆಯ ಮೇಲೆ ಗೆರೆ ಕೊರೆಯುತ್ತಿತ್ತು. ಉರುಳೆಯ ಅವಧಿ ಕೆಲವೇ ನಿಮಿಷ. ಆದರೂ ತಿದ್ದದ ಧ್ವನಿ ಮೊದಲ ಬಾರಿ ಉಳಿಯಿತು. ಅವನ ಎಷ್ಟೋ ಉರುಳೆಗಳಿಗೆ ಮುಂದೆ ಸ್ವರಲಿಪಿ ಬರೆದವನು ಬಾರ್ಟೋಕ್. 1907ರಲ್ಲಿ ಬಾರ್ಟೋಕ್ ಸೇಕೆಯ್ ಜನರ ಚೀಕ್ ಸೀಮೆಯಲ್ಲಿ ಐದು ಸ್ವರಗಳ ಹಳೆಯ ಧಾಟಿಗಳನ್ನು ಗುರುತಿಸಿದ್ದೂ ಇದೇ ಹಾದಿಯಲ್ಲಿ. ಬಾರ್ಟೋಕ್, ಕೊದಾಯ್ ಸೇರಿ 1906ರಲ್ಲಿ ಹೊರತಂದ 20 ಹಾಡುಗಳಿಗೂ ಪಿಯಾನೋ ಜೊತೆಯಿತ್ತು ನಿಜ. ಅದು ನಗರದ ಕೇಳುಗರಿಗಾಗಿ ಮಾಡಿದ ಏರ್ಪಾಡು. ಅಧ್ಯಯನಕ್ಕೆ ಆಧಾರವಾದದ್ದು ಉರುಳೆಗಳು ಮತ್ತು ಹಳ್ಳಿಯಲ್ಲೇ ಬರೆದುಕೊಂಡ ಸ್ವರಲಿಪಿ.