ಹವ್ಯಾಸಿ ನಕ್ಷತ್ರವೀಕ್ಷಕರೂ ಕಾಂತಿಗಣನೆಯೂ: ಜೆಸೋರಿನ ರಾಧಾಗೋವಿಂದ ಚಂದ್ರರು

ಆಕಾಶದಲ್ಲಿ ಅಪೂರ್ವವಾದುದೊಂದು ತೋರಿದಾಗ ಬೆರಗಾಗುವುದು ಮನುಷ್ಯಮಾತ್ರರಿಗೆಲ್ಲ ಸಹಜವಾದುದು. ಆದರೆ ಬೆರಗಿನಿಂದಲೇ ಶಾಸ್ತ್ರವು ಬೆಳೆಯಲಾರದು. ಕಂಡುದು ಯಾವುದು, ಯಾವ ದಿನ ಯಾವ ಹೊತ್ತಿನಲ್ಲಿ ಕಂಡಿತು, ಅದರ ಕಾಂತಿ ಎಷ್ಟಿತ್ತು ಎಂಬಿಷ್ಟನ್ನು ಮತ್ತೊಬ್ಬನು ಪರೀಕ್ಷಿಸಬಹುದಾದ ರೀತಿಯಲ್ಲಿ ಬರೆದಿಟ್ಟರೆ ಮಾತ್ರ ಅದು ಶಾಸ್ತ್ರಕ್ಕೆ ಸಾಮಗ್ರಿಯಾಗುತ್ತದೆ. ಶಕವರ್ಷ, ಮಾಸ, ತಿಥಿ, ವಾರಗಳೊಡನೆ ಗ್ರಹಣದ ಉಲ್ಲೇಖವೂ ಇರುವ ಶಾಸನವು ಕಾಲನಿರ್ಣಯಕ್ಕೆ ಎಷ್ಟು ಬೆಲೆಯುಳ್ಳದ್ದೆಂಬುದನ್ನೂ, ಕಾಲವನ್ನೇ ಹೇಳದ ಐತಿಹ್ಯದಿಂದ ಆ ಕೆಲಸವು ನಡೆಯದೆಂಬುದನ್ನೂ ಇತಿಹಾಸಜ್ಞರು ಬಲ್ಲರು. ಖಗೋಳಶಾಸ್ತ್ರದಲ್ಲಿಯೂ ಇದೇ ನ್ಯಾಯ. ಇದನ್ನರಿತು ನಡೆದುದರಿಂದಲೇ ಪದವಿಯಾಗಲಿ ವೇಧಶಾಲೆಯಾಗಲಿ ಇಲ್ಲದ ಹವ್ಯಾಸಿಗಳು ಆ ಶಾಸ್ತ್ರದಲ್ಲಿ ಸ್ಥಿರವಾದ ಸ್ಥಾನವನ್ನು ಸಂಪಾದಿಸಿದರು. ವಂಗದೇಶದ ರಾಧಾಗೋವಿಂದ ಚಂದ್ರರ ಜೀವನವು ಇದಕ್ಕೆ ಒಳ್ಳೆಯ ನಿದರ್ಶನ.

ಹವ್ಯಾಸಿಗಳಿಗೆ ಈ ದಾರಿಯನ್ನು ತೆರೆದವರಲ್ಲಿ ಜರ್ಮನಿಯ ಬಾನ್ ನಗರದ ಆರ್ಗೆಲಾಂಡರನು ಮುಖ್ಯನು. ಕೆಲವು ನಕ್ಷತ್ರಗಳ ಕಾಂತಿಯು ದಿನದಿನಕ್ಕೆ ಅಥವಾ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ. ಚರಕಾಂತಿ ನಕ್ಷತ್ರಗಳೆಂಬ ಇವು ಅನೇಕವಿರುವುದರಿಂದಲೂ, ಇವನ್ನು ವರ್ಷಗಟ್ಟಲೆ ಬಿಡದೆ ನೋಡಬೇಕಾದುದರಿಂದಲೂ ವೇಧಶಾಲೆಗಳ ಪಂಡಿತರಿಂದ ಮಾತ್ರವೇ ಆಗುವ ಕೆಲಸ ಇದಲ್ಲವೆಂದು ಅವನು ಕಂಡುಕೊಂಡು, 1844ರಲ್ಲಿ ಖಗೋಳಾಸಕ್ತರೆಲ್ಲರ ನೆರವನ್ನು ಬೇಡಿದನು. ನೋಡುವ ವಿಧಾನವನ್ನೂ ತಿಳಿಸಿಕೊಟ್ಟನು. 1856ರಲ್ಲಿ ನಾರ್ಮನ್ ಪಾಗ್ಸನನು ಕಾಂತಿಮಾನದ ಶ್ರೇಣಿಗೆ ಗಣಿತದ ಖಚಿತತೆಯನ್ನು ತಂದನು. ಅವನ ಸೂತ್ರದಂತೆ ಐದು ಕಾಂತಿಮಾನಗಳ ಅಂತರವೆಂದರೆ ಬೆಳಕಿನಲ್ಲಿ ನೂರು ಮಡಿಯ ಅಂತರ. ಒಂದು ಕಾಂತಿಮಾನಕ್ಕೆ ಸುಮಾರು 2.512 ಮಡಿ. ಅಂಕಿ ದೊಡ್ಡದಾದಷ್ಟೂ ನಕ್ಷತ್ರವು ಮಂಕಾದುದೆಂದು ತಿಳಿಯಬೇಕು. ಈ ಪಾಗ್ಸನನೇ ಮುಂದೆ 1861ರಲ್ಲಿ ಮದರಾಸಿನ ವೇಧಶಾಲೆಗೆ ಅಧಿಕಾರಿಯಾಗಿ ಬಂದನು.

ವಿಧಾನವು ಸರಳವಾದುದು. ನೋಡಬೇಕಾದ ನಕ್ಷತ್ರದ ಸಮೀಪದಲ್ಲಿ ಕಾಂತಿಮಾನವು ಗೊತ್ತಿರುವ ಎರಡು ನಕ್ಷತ್ರಗಳನ್ನು ಆರಿಸಿಕೊಳ್ಳಬೇಕು. ಒಂದು ಅದಕ್ಕಿಂತ ತುಸು ಪ್ರಕಾಶಮಾನವಾದುದು, ಇನ್ನೊಂದು ತುಸು ಮಂಕಾದುದು. ಅವುಗಳ ಕಾಂತಿಮಾನ 6.0 ಮತ್ತು 6.4 ಆಗಿದ್ದು, ನೋಡುವ ನಕ್ಷತ್ರವು ಎರಡಕ್ಕೂ ಸರಿಯಾಗಿ ನಡುವೆ ನಿಂತರೆ 6.2 ಎಂದು ಬರೆಯಬೇಕು. ಜೊತೆಗೆ ದಿನವನ್ನೂ ಹೊತ್ತನ್ನೂ ಗುರುತಿಸಬೇಕು. ಧೂಮಕೇತುವಾದರೆ ಕೆಲಸ ಕಠಿನ, ಏಕೆಂದರೆ ಅದು ಬಿಂದುವಾಗಿರದೆ ಮಬ್ಬಾಗಿ ಹರಡಿಕೊಂಡಿರುತ್ತದೆ. ಆಗ ದೂರದರ್ಶಕದ ನಾಭಿಯನ್ನು ತಪ್ಪಿಸಿ, ಹೋಲಿಕೆಯ ನಕ್ಷತ್ರವನ್ನೂ ಮಬ್ಬಾಗಿಸಿ, ಎರಡರ ಕಾಂತಿಯನ್ನು ತೂಗಿನೋಡುವ ಕ್ರಮವುಂಟು.

1911ರಲ್ಲಿ ಅಮೆರಿಕದ ವಿಲಿಯಂ ಟೈಲರ್ ಆಲ್ಕಾಟ್ ಎಂಬ ವಕೀಲನು ಹಾರ್ವರ್ಡ್ ವೇಧಶಾಲೆಯ ಪಿಕರಿಂಗನ ಪ್ರೋತ್ಸಾಹದಿಂದ ಚರಕಾಂತಿ ನಕ್ಷತ್ರವೀಕ್ಷಕರ ಅಮೆರಿಕನ್ ಸಂಘವನ್ನು ಸ್ಥಾಪಿಸಿದನು. ಚದರಿಹೋಗಿದ್ದ ಹವ್ಯಾಸಿಗಳ ಗಣನೆಗಳು ಒಂದೆಡೆ ಕೂಡತೊಡಗಿದುದು ಇದರಿಂದ. ಈ ಸಂಘಕ್ಕೆ ದೂರದ ಜೆಸೋರಿನಿಂದ ಸೇರಿದವರೇ ರಾಧಾಗೋವಿಂದ ಚಂದ್ರರು.

ಅವರು ಹುಟ್ಟಿದ್ದು 1878ರಲ್ಲಿ, ಇಂದು ಬಾಂಗ್ಲಾದೇಶಕ್ಕೆ ಸೇರಿರುವ ಜೆಸೋರಿನ ಬಳಿಯ ಬಾಗ್‌ಚರ ಗ್ರಾಮದಲ್ಲಿ. ಪ್ರವೇಶಪರೀಕ್ಷೆಯಲ್ಲಿ ಮೂರು ಸಲ ತೇರ್ಗಡೆಯಾಗದೆ ವಿದ್ಯಾಭ್ಯಾಸವನ್ನು ಬಿಟ್ಟು, ಜೆಸೋರಿನ ಸರ್ಕಾರಿ ಖಜಾನೆಯಲ್ಲಿ ಅಲ್ಪವೇತನದ ನೌಕರಿಯನ್ನು ಹಿಡಿದರು. ಕಾಳಿನಾಥ ಮುಖರ್ಜಿಯವರೆಂಬ ವಕೀಲರಿಂದ ನಕ್ಷತ್ರಗಳ ಪರಿಚಯವಾಯಿತು. 1910ರಲ್ಲಿ ಹ್ಯಾಲಿಯ ಧೂಮಕೇತುವು ಬಂದಾಗ ಅದನ್ನು ಆಸಕ್ತಿಯಿಂದ ವೀಕ್ಷಿಸಿದರು. 1912ರಲ್ಲಿ ಇಂಗ್ಲೆಂಡಿನಿಂದ ಮೂರು ಅಂಗುಲದ ದೂರದರ್ಶಕವೊಂದನ್ನು ತರಿಸಿಕೊಂಡರು.

1918ರ ಜೂನ್ ತಿಂಗಳಲ್ಲಿ ಗರುಡ ನಕ್ಷತ್ರಪುಂಜದಲ್ಲಿ ಹೊಸ ತಾರೆಯೊಂದು ಹೊಳೆಯಿತು. ಎರಡು ಮೂರು ದಿನಗಳಲ್ಲಿಯೇ ಅದು ಆಕಾಶದ ಅತ್ಯುಜ್ವಲ ನಕ್ಷತ್ರಗಳ ಸಾಲಿಗೇರಿ, ಅನಂತರ ಕ್ರಮೇಣ ಕುಗ್ಗಿತು. ಇಂಥ ನವತಾರೆಯು ನಿಜವಾಗಿ ಹೊಸತಲ್ಲ. ಸಂಗಾತಿ ನಕ್ಷತ್ರದಿಂದ ಸೆಳೆದುಕೊಂಡ ಅನಿಲವು ಶ್ವೇತಕುಬ್ಜದ ಮೇಲ್ಮೈಯಲ್ಲಿ ಹೊತ್ತಿ ಸಿಡಿಯುವುದರಿಂದ ಈ ಕಾಂತಿಯು ಉಂಟಾಗುತ್ತದೆ. ಲೋಕದ ನಾನಾ ಕಡೆಗಳಲ್ಲಿ ಹಲವರು ಸ್ವತಂತ್ರವಾಗಿ ಇದನ್ನು ಕಂಡುಹಿಡಿದರು, ಚಂದ್ರರು ಅವರಲ್ಲೊಬ್ಬರು. ಅವರು ಬರೆದ ವಿವರವು ಪಿಕರಿಂಗನಿಗೆ ತಲಪಿ, ಅಲ್ಲಿಂದ ನಕ್ಷತ್ರಪಟಗಳು ಬಂದುವು. ನವತಾರೆಯನ್ನು ಕಂಡ ಕೀರ್ತಿಗೆ ಪಾಲುಗಾರರು ಹಲವರಾದರೂ, ಅದರಿಂದ ಮುಂದೆ ದೊರೆತ ನಿತ್ಯದ ಕೆಲಸವೇ ಚಂದ್ರರಿಗೆ ಹೆಚ್ಚಿನ ಫಲವಾಯಿತೆಂದು ಹೇಳಬೇಕು.

1926ರಲ್ಲಿ ಸಂಘವು ತನ್ನ ಸದಸ್ಯನಾದ ಚಾರ್ಲ್ಸ್ ಎಲ್ಮರನು ಕೊಟ್ಟಿದ್ದ ಆರು ಅಂಗುಲದ ದೂರದರ್ಶಕವನ್ನು ಜೆಸೋರಿಗೆ ಕಳುಹಿಸಿಕೊಟ್ಟಿತು. ಇದು ಕೇವಲ ಔದಾರ್ಯದ ಕಾರ್ಯವಾಗಿರಲಿಲ್ಲ. ಅಮೆರಿಕದ ಪೂರ್ವತೀರಕ್ಕೂ ಜೆಸೋರಿಗೂ ಹತ್ತು ಗಂಟೆಗೆ ಮೀರಿದ ಕಾಲಾಂತರವಿದೆ. ಅಲ್ಲಿ ಹಗಲಾಗಿ ವೀಕ್ಷಣೆಯು ನಿಂತಾಗ ಇಲ್ಲಿ ಇರುಳು. ಕೆಲವು ಗಂಟೆಗಳಲ್ಲಿಯೇ ಥಟ್ಟನೆ ಹೊಳಪೇರುವ ನಕ್ಷತ್ರಗಳ ವಿಷಯದಲ್ಲಿ ಈ ಅಂತರವನ್ನು ತುಂಬುವವನೊಬ್ಬನು ಪೂರ್ವದೇಶದಲ್ಲಿ ಇರುವುದು ಅತ್ಯಾವಶ್ಯಕವಾಗಿತ್ತು. ಚಂದ್ರರು 1954ರವರೆಗೆ ಸಂಘಕ್ಕೆ ಒದಗಿಸಿದ ಗಣನೆಗಳು 37 ಸಾವಿರಕ್ಕೂ ಮೀರಿವೆ. 1928ರಲ್ಲಿ ಫ್ರಾನ್ಸ್ ಸರ್ಕಾರವು ಅವರನ್ನು ಗೌರವಿಸಿತು.

ಬರಿಗಣ್ಣಿನ ಅಂದಾಜನ್ನು ಎಷ್ಟರಮಟ್ಟಿಗೆ ನಂಬಬಹುದೆಂಬ ಆಕ್ಷೇಪವು ಸಹಜವಾಗಿಯೇ ಹುಟ್ಟುತ್ತದೆ. ಒಬ್ಬನ ಅಂದಾಜಿನಲ್ಲಿ ಕಾಂತಿಮಾನದ ಹತ್ತನೆಯ ಒಂದೆರಡು ಪಾಲಿನ ವ್ಯತ್ಯಾಸವು ಬರುವುದುಂಟು. ಕೆಂಪು ನಕ್ಷತ್ರವನ್ನು ಬಹಳ ಹೊತ್ತು ದಿಟ್ಟಿಸಿದರೆ ಅದು ಇದ್ದುದಕ್ಕಿಂತ ಹೆಚ್ಚು ಹೊಳೆಯುವಂತೆ ತೋರುವುದೂ ನಿಜ. ಆದುದರಿಂದಲೇ ಅಂಥವನ್ನು ಕ್ಷಣಮಾತ್ರ ನೋಡಿ ತೀರ್ಮಾನಿಸಬೇಕೆಂಬ ನಿಯಮವುಂಟು. ಆದರೆ ಅನೇಕರು ಒಂದೇ ನಕ್ಷತ್ರವನ್ನು, ಒಂದೇ ಹೋಲಿಕೆಯ ಪಟವನ್ನಿಟ್ಟುಕೊಂಡು ವರ್ಷಗಟ್ಟಲೆ ನೋಡಿದಾಗ ಒಬ್ಬೊಬ್ಬರ ದೋಷವು ಸರಾಸರಿಯಲ್ಲಿ ಬಹುಮಟ್ಟಿಗೆ ಕರಗಿ, ನಕ್ಷತ್ರದ ಏರಿಳಿತದ ರೇಖೆಯು ಸ್ಪಷ್ಟವಾಗಿ ಮೂಡುತ್ತದೆ. ಪಾಠಾಂತರಗಳನ್ನು ಕೂಡಿಸಿ ಶುದ್ಧಪಾಠವನ್ನು ನಿರ್ಣಯಿಸುವ ಗ್ರಂಥಸಂಪಾದಕರಿಗೆ ಈ ಕ್ರಮವು ಹೊಸದಾಗಿ ತೋರದು.

ದೇಶವಿಭಜನೆಯ ಅನಂತರ ಚಂದ್ರರು ಜೆಸೋರನ್ನು ಬಿಟ್ಟು ಕಲ್ಕತ್ತೆಯ ಬಳಿಯ ಬಾರಾಸಾತಿನಲ್ಲಿ ನೆಲೆಸಿದರು. ಮನೆಮಾರುಗಳನ್ನು ತೊರೆದ ಆ ದಿನಗಳಲ್ಲಿಯೂ ದೂರದರ್ಶಕವು ಅವರೊಡನೆ ಬಂದಿತು. ವಯಸ್ಸಾಗಿ ವೀಕ್ಷಣೆಯು ನಿಂತ ಮೇಲೆ ಅದು ವೈನು ಬಪ್ಪುರವರ ವಶಕ್ಕೆ ಬಂದು, ನೈನಿತಾಲಕ್ಕೂ ಅಲ್ಲಿಂದ ಮುಂದೆ ತಮಿಳುನಾಡಿನ ಕಾವಲೂರಿಗೂ ಸೇರಿತು. ಬಪ್ಪುರವರೂ ಹೈದರಾಬಾದಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಚರಕಾಂತಿ ನಕ್ಷತ್ರಗಳನ್ನು ಅಳೆದವರೇ. 1949ರಲ್ಲಿ ಹಾರ್ವರ್ಡಿನಲ್ಲಿದ್ದಾಗ ಛಾಯಾಚಿತ್ರಫಲಕದ ಮೇಲೆ ಧೂಮಕೇತುವೊಂದನ್ನು ಕಂಡುಹಿಡಿದರು. ಕಾವಲೂರಿನ ವೇಧಶಾಲೆಯು ಬೆಂಗಳೂರಿನಲ್ಲಿರುವ ಭಾರತೀಯ ಖಭೌತ ಸಂಸ್ಥೆಗೆ ಸೇರಿದುದು. ಆ ಸಂಸ್ಥೆಯನ್ನು ಕಟ್ಟಿದವರೂ ಬಪ್ಪುರವರೇ. ಚಂದ್ರರು 1975ರಲ್ಲಿ ಕಾಲವಾದರು.

ಈಚೆಗೆ ಕಣ್ಣಿನ ಸ್ಥಾನವನ್ನು ಬಹುಪಾಲು ವಿದ್ಯುನ್ಮಾನ ಕ್ಯಾಮೆರಾ ಆಕ್ರಮಿಸಿದೆ. ಆದರೂ ನ್ಯಾಯವು ಬದಲಾಗಿಲ್ಲ. 2016ರ ಸೆಪ್ಟೆಂಬರ್ 20ರಂದು ಅರ್ಜೆಂಟೀನದ ರೊಸಾರಿಯೊ ನಗರದಲ್ಲಿ ಬೀಗದ ಕಸಬಿನ ವಿಕ್ಟರ್ ಬೂಸೊ ಎಂಬ ಹವ್ಯಾಸಿಯು ಹೊಸ ಕ್ಯಾಮೆರಾವನ್ನು ಪರೀಕ್ಷಿಸಲೆಂದು ದೂರದ ಗೆಲಾಕ್ಸಿಯೊಂದರ ಚಿತ್ರಗಳನ್ನು ಸಾಲಾಗಿ ತೆಗೆಯುತ್ತಿದ್ದನು. ಮೊದಲ ಚಿತ್ರಗಳಲ್ಲಿ ಇಲ್ಲದ ಬಿಂದುವೊಂದು ಮುಂದಿನವುಗಳಲ್ಲಿ ಮೂಡಿ ಬೆಳಗತೊಡಗಿತು. ಅದು ಸೂಪರ್‌ನೋವಾ; ಎಂದರೆ ನಕ್ಷತ್ರವೇ ಸಿಡಿದು ಅಂತ್ಯಗೊಳ್ಳುವ ಘಟನೆ. ಸಿಡಿತದ ಆಘಾತವು ನಕ್ಷತ್ರದ ಹೊರಮೈಯನ್ನು ಭೇದಿಸಿ ಬರುವ ಆದಿಕ್ಷಣಗಳು ಸಿಕ್ಕುವುದು ಬಹು ದುರ್ಲಭ. ಪ್ರತಿ ಚಿತ್ರಕ್ಕೂ ಕಾಲದ ಗುರುತಿದ್ದುದರಿಂದ ವಿದ್ವಾಂಸರು ಆ ಏರಿಕೆಯ ವೇಗವನ್ನು ಲೆಕ್ಕಹಾಕಿ, 2018ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಮೊದಲ ಚಿತ್ರಗಳಲ್ಲಿ ಏನೂ ಇರಲಿಲ್ಲವೆಂಬುದೂ ಅಲ್ಲಿ ಪ್ರಮಾಣವಾಯಿತು.

ಜೆಸೋರಿನ ಖಜಾನೆಯ ನೌಕರರಿಗೂ ರೊಸಾರಿಯೊವಿನ ಕಸಬುದಾರನಿಗೂ ಸಲಕರಣೆಯಲ್ಲಿ ಸಾಮ್ಯವೇನೂ ಇಲ್ಲ. ಇಬ್ಬರ ಕೆಲಸವೂ ನಿಂತಿರುವುದು ಕಾಲಸಹಿತವಾದ ಅಂಕಿಗಳ ಮೇಲೆ. ಚಂದ್ರರ ಅಂಕಿಗಳು ಇಂದಿಗೂ ಸಂಘದ ಸಂಗ್ರಹದಲ್ಲಿವೆ. ನಕ್ಷತ್ರವೊಂದರ ಪೂರ್ವವೃತ್ತಾಂತವನ್ನು ಅರಸುವವರು, 1930ರ ಸುಮಾರಿನ ಒಂದು ಇರುಳು ಅದರ ಕಾಂತಿ ಎಷ್ಟಿತ್ತೆಂಬುದನ್ನು ಇಂಥ ಬರೆಹಗಳಿಂದಲ್ಲದೆ ಬೇರೆಲ್ಲಿಂದಲೂ ಪಡೆಯುವುದು ಕಷ್ಟ. ಕಳೆದ ಇರುಳನ್ನು ಈಗಿನ ಯಾವ ದೂರದರ್ಶಕವೂ ಮರಳಿ ನೋಡಲಾರದು.