ಪದ ಪರಿಚಯ: ಗ್ರಂಥಾಲಯ

ಕನ್ನಡ ಮರಾಠಿಗಳೆರಡೂ ಕಿವಿಗೆ ಬೀಳುವ ಖಾನಾಪುರ ತಾಲೂಕಿನ ಗುಂಜಿಯಂಥ ಊರಿನಲ್ಲಿ ‘ಗ್ರಂಥಾಲಯ’ ಶಬ್ದಕ್ಕೆ ಭಾಷಾಂತರದ ಆವಶ್ಯಕತೆಯಿಲ್ಲ. ಎರಡು ನುಡಿಗಳಿಗೂ ಅದು ಸಂಸ್ಕೃತದಿಂದ ಬಂದ ದಾಯ. ಆದರೆ ಅಲ್ಲಿಂದ ಬೆಳಗಾವಿಗೆ ಹೋಗಿ ಗಣಕಶಾಸ್ತ್ರವನ್ನು ಅಭ್ಯಸಿಸುವ ವಿದ್ಯಾರ್ಥಿಗೆ (1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಆ ನಗರವೇ) ‘ಲೈಬ್ರರಿ’ಯು ಪುಸ್ತಕವೊಂದೂ ಇಲ್ಲದ ಅರ್ಥದಲ್ಲಿ ಎದುರಾಗುವುದು.

ಕೇಂಬ್ರಿಜ್‌ನ ಎಡ್‌ಸ್ಯಾಕ್ ಗಣಕಯಂತ್ರವು 1949ರಲ್ಲಿ ಕಾರ್ಯಾರಂಭ ಮಾಡಿದ ಮೇಲೆ, ಪುನಃ ಪುನಃ ಬೇಕಾಗುವ ಉಪಕ್ರಮವಿಧಿಗಳನ್ನು ಕಾಗದದ ಪಟ್ಟಿಗಳಲ್ಲಿ ರಂಧ್ರಿಸಿ ಸಂಗ್ರಹಿಸಿಟ್ಟರಷ್ಟೆ. ಆ ಸಂಗ್ರಹವೇ ಲೈಬ್ರರಿ ಎನಿಸಿತು. ಇಂದು ವಿಂಡೋಸ್‌ನ ‘ಕರ್ನೆಲ್32’, ಯುನಿಕ್ಸ್ ಪರಂಪರೆಯ ‘ಲಿಬ್‌ಸಿ’ ಮೊದಲಾದವು ಕಾರ್ಯಾಚರಣ ವ್ಯವಸ್ಥೆಯೊಡನೆಯೇ ಬರುವ ಗ್ರಂಥಾಲಯಗಳು. ಒಂದು ಕ್ರಮವಿಧಿ ತಾನು ಓಡುತ್ತಿರುವಾಗಲೇ ಮತ್ತೊಂದು ಸಂಕೇತವನ್ನು (ಕೋಡ್) ರಚಿಸಿ, ಸಂಕಲಿಸಿ, ಚಾಲನೆಗೊಳಿಸುವಲ್ಲಿ, ಆ ನೂತನ ಸಂಕೇತವು ಇವುಗಳನ್ನು ತನ್ನೊಳಗೆ ನಕಲಿಸಿಕೊಳ್ಳದೆ ಗ್ರಂಥಾಲಯದ ಹೆಸರನ್ನೂ ಕಾರ್ಯದ (ಫಂಕ್ಷನ್) ಹೆಸರನ್ನೂ ಮಾತ್ರ ಘೋಷಿಸಬಹುದು. ಆ ಹೆಸರಿಗೆ ಸ್ಮೃತಿಯಲ್ಲಿನ ವಿಳಾಸವನ್ನು ಜೋಡಿಸುವ ಹೊಣೆ ವ್ಯವಸ್ಥೆಯದು. ಕಾರ್ಯಕ್ಕೆ ಕೊಡುವ ಪ್ರಾಚಲಗಳ (ಪ್ಯಾರಾಮೀಟರ್) ಬಗೆ, ಗಾತ್ರಗಳು ತಪ್ಪಿ ಘೋಷಿತವಾದರೆ ಸಂಕಲನ ನಿರ್ವಿಘ್ನವಾಗಿ ಮುಗಿದೂ ಚಾಲನೆಯಲ್ಲಿ ಅನರ್ಥ ಸಂಭವಿಸೀತು.

‘ಲೈಬ್ರರಿ’ಯ ಮೂಲವಾದ ಲ್ಯಾಟಿನ್ನಿನ ‘ಲಿಬರ್’ ಎಂದರೆ ಮರದ ಒಳತೊಗಟೆ. ನಮ್ಮ ‘ಗ್ರಂಥ’ದ ಧಾತುವಿಗಾದರೋ ಕಟ್ಟು, ಪೋಣಿಸು ಎಂಬ ಅರ್ಥ, ‘ಗ್ರಂಥಿ’ ಎಂದರೆ ಗಂಟು. ದಾರ ಪೋಣಿಸಿ ಕಟ್ಟಿದ ಓಲೆಗರಿಗಳಿಗೆ ಒಪ್ಪುವ ಈ ಧಾತು, ಸಂಕೇತವನ್ನು ದೂರದ ಕಾರ್ಯದೊಡನೆ ಬಂಧಿಸುವ ಕ್ರಿಯೆಗೆ ತೊಗಟೆಗಿಂತ ಹೆಚ್ಚು ಉಚಿತವೆಂದು ನನ್ನ ಮತ. ಪಾಠದ ಕೋಣೆಗಳಲ್ಲಿ ಮಾತ್ರ ‘ಲೈಬ್ರರಿ’ಯೇ ರೂಢಿ.