ವಾಲಿದ ಹೆಬ್ಬೆರಳಿನ ಚರಿತ್ರೆ

ಅಮ್ಮನ ಎಡಗಾಲು ನೋಡಿದ ಮೂಳೆ ವೈದ್ಯರು 'ಇದು ಬನಿಯನ್' ಅಂದಾಗ ಅಮ್ಮ ನನ್ನ ಮುಖ ನೋಡಿದಳು. ನಮ್ಮ ಮನೆಯಲ್ಲಿ ಬನಿಯನ್ ಅಂದರೆ ಅಪ್ಪ ಅಂಗಿಯೊಳಗೆ ಹಾಕಿಕೊಳ್ಳುವುದು. ಮೂವತ್ತು ವರ್ಷ ಶಾಲೆಯ ಕರಿಹಲಗೆಯ ಮುಂದೆ ನಿಂತ ಕಾಲದು. ಹೆಬ್ಬೆರಳು ಪಕ್ಕದ ಬೆರಳಿನತ್ತ ವಾಲಿ ಕಾಲುಂಗುರವನ್ನು ಒತ್ತುತ್ತಿತ್ತು. ಅದರ ಬುಡದಲ್ಲಿ ಕೆಂಪಗೆ ಊದಿದ ಗಂಟು. ಚಪ್ಪಲಿ ಕಚ್ಚಿದ್ದು ಎಂದುಕೊಂಡು ಆಕೆ ವರ್ಷಗಟ್ಟಲೆ ಅರಿಶಿನ ಹಚ್ಚಿದ್ದಳು. ನಾವು ಆಸ್ಪತ್ರೆಗೆ ಹೋದದ್ದೂ ಕಾಲಿಗಾಗಿ ಅಲ್ಲ, ಅಂಗಳದಲ್ಲಿ ಮುಗ್ಗರಿಸಿ ಮುರಿದುಕೊಂಡ ಮಣಿಕಟ್ಟಿನ ಪ್ಲಾಸ್ಟರ್ ತೆಗೆಸಲು.

ನಾನು ಇತಿಹಾಸದ ಸಂಶೋಧನಾ ವಿದ್ಯಾರ್ಥಿ. ಮನೆಯವರಿಗೆ ಕಾಯಿಲೆ ಬಂದರೂ ಹಳೆಯದನ್ನೇ ಹುಡುಕುವ ಚಟ. ಆ ರಾತ್ರಿ ಸಿಕ್ಕಿದ್ದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನ. ಆ ಊರಿನ ಮತ್ತು ಸುತ್ತಲಿನ ನಾಲ್ಕು ಸ್ಮಶಾನಗಳ 177 ಅಸ್ಥಿಪಂಜರಗಳ ಪಾದಗಳನ್ನು ಅವರು ಪರೀಕ್ಷಿಸಿದ್ದರು. 11ರಿಂದ 13ನೆಯ ಶತಮಾನದವರಲ್ಲಿ ಶೇ. 6ರಷ್ಟು ಜನರಿಗೆ ಈ ತೊಂದರೆ ಇತ್ತು. 14 ಮತ್ತು 15ನೆಯ ಶತಮಾನದವರಲ್ಲಿ ಅದು ಶೇ. 27ಕ್ಕೆ ಏರಿತ್ತು.

ಈ ನಡುವೆ ಬದಲಾದದ್ದು ಪಾದರಕ್ಷೆ. 14ನೆಯ ಶತಮಾನದಲ್ಲಿ ಯುರೋಪಿನ ಸಿರಿವಂತರು 'ಪೂಲೇನ್' ಎಂಬ ಚೂಪು ಮೂತಿಯ ಬೂಟುಗಳಿಗೆ ಮರುಳಾದರು. ಮೂತಿ ಬಾಗದಿರಲೆಂದು ಒಳಗೆ ಪಾಚಿ ತುರುಕುತ್ತಿದ್ದರು. ಇಂಗ್ಲೆಂಡಿನ ನಾಲ್ಕನೆಯ ಎಡ್ವರ್ಡ್ ದೊರೆ 1463ರಲ್ಲಿ, ಪ್ರಭುಗಳಲ್ಲದವರ ಬೂಟಿನ ಮೂತಿ ಎರಡು ಅಂಗುಲ ಮೀರಬಾರದೆಂದು ಕಾನೂನನ್ನೇ ತಂದ. ಪಾದ್ರಿಗಳಿಗಂತೂ ಚೂಪು ಬೂಟನ್ನು ಚರ್ಚು 1215ರಲ್ಲೇ ನಿಷೇಧಿಸಿತ್ತು. ಆದರೆ ಎಲುಬುಗಳು ಬೇರೆಯೇ ಕಥೆ ಹೇಳುತ್ತವೆ. ಹಳ್ಳಿಯ ಸ್ಮಶಾನದಲ್ಲಿ ಶೇ. 3ರಷ್ಟಿದ್ದ ಬನಿಯನ್, ಸಂನ್ಯಾಸಿಗಳ ಮತ್ತು ಅವರ ಸಿರಿವಂತ ದಾನಿಗಳ ಸಮಾಧಿಗಳಿದ್ದ ಮಠದಲ್ಲಿ ಶೇ. 43ರಷ್ಟಿತ್ತು.

ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ವಿವರ. 45 ದಾಟಿ ಸತ್ತವರಲ್ಲಿ, ಬನಿಯನ್ ಇದ್ದವರಿಗೆ ಬಿದ್ದು ಮೂಳೆ ಮುರಿದುಕೊಂಡ ಗುರುತುಗಳು ಹೆಚ್ಚಿದ್ದವು. ಕೆಲವರದು ಮುಂದಕ್ಕೆ ಬೀಳುವಾಗ ಕೈಯೂರಿದ್ದರಿಂದ ಆದ ಮುರಿತ. ಹೆಬ್ಬೆರಳು ವಾಲಿದರೆ ದೇಹದ ಸಮತೋಲ ತಪ್ಪುತ್ತದೆ. ಅಮ್ಮನ ಮಣಿಕಟ್ಟು ನೆನಪಾಯಿತು. ಅವಳು ಬಿದ್ದದ್ದಕ್ಕೆ ಒದ್ದೆ ಅಂಗಳವನ್ನು ಬೈದಿದ್ದ ನಾನು ಅವಳ ನಡಿಗೆಯನ್ನು ಗಮನಿಸಿಯೇ ಇರಲಿಲ್ಲ.

ಹಾಗೆಂದು ಎಲ್ಲವನ್ನೂ ಬೂಟಿನ ತಲೆಗೆ ಕಟ್ಟುವಂತಿಲ್ಲ. ಹಾಂಗ್‌ಕಾಂಗ್‌ನಲ್ಲಿ ನಡೆಸಿ 1958ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಬೂಟು ಹಾಕುವವರಲ್ಲಿ ಶೇ. 33 ಮಂದಿಗೆ ಹೆಬ್ಬೆರಳು ವಾಲಿತ್ತು. ಬರಿಗಾಲಿನವರಲ್ಲಿ ಸುಮಾರು ಶೇ. 2 ಮಂದಿಗೆ. ವ್ಯತ್ಯಾಸ ದೊಡ್ಡದೇ. ಆದರೆ ಬೂಟು ಹಾಕಿದ ಉಳಿದವರಿಗೆ ಏಕೆ ಬರಲಿಲ್ಲ? ಪಾದದ ರಚನೆ ವಂಶಪಾರಂಪರ್ಯವಾಗಿಯೂ ಬರುತ್ತದೆ. ಬರಿಗಾಲಲ್ಲೇ ಗದ್ದೆ ತುಳಿದ ಅಜ್ಜಿಯ ಹೆಬ್ಬೆರಳೂ ತುಸು ವಾಲಿತ್ತೆಂದು ಅಮ್ಮ ನೆನಪಿಸಿಕೊಂಡಳು.

ಚಿಕಿತ್ಸೆಗೂ ಚರಿತ್ರೆಯಿದೆ. ಡಚ್ ವೈದ್ಯ ಪೆಟ್ರಸ್ ಕ್ಯಾಂಪರ್ 1781ರಲ್ಲಿ ಒಳ್ಳೆಯ ಬೂಟು ಹೇಗಿರಬೇಕೆಂದು ಪ್ರಬಂಧವನ್ನೇ ಬರೆದ. ವಿಕ್ಟೋರಿಯಾ ರಾಣಿಯ ಪಾದ ಚಿಕಿತ್ಸಕ ಲೂಯಿಸ್ ಡರ್ಲಾಕರ್ 1845ರಲ್ಲಿ ಆಣಿ, ಬನಿಯನ್, ಉಗುರಿನ ರೋಗಗಳ ಬಗ್ಗೆ ಪುಸ್ತಕ ತಂದ. 'ಹ್ಯಾಲಕ್ಸ್ ವ್ಯಾಲ್ಗಸ್' ಎಂಬ ಶಾಸ್ತ್ರೀಯ ಹೆಸರು ಬಂದದ್ದು 1870ರ ದಶಕದಲ್ಲಿ, ಜರ್ಮನಿಯ ಕಾರ್ಲ್ ಹ್ಯೂಟರ್‌ನಿಂದ. ಗಂಟನ್ನು ಹೊಸದಾಗಿ ಬೆಳೆದ ಮೂಳೆ ಅಂದುಕೊಳ್ಳುವುದು ಸುಲಭ. ನಿಜದಲ್ಲಿ ಅದು ಬಹುಮಟ್ಟಿಗೆ ಸ್ಥಾನಪಲ್ಲಟ. ಹೆಬ್ಬೆರಳಿನ ಹಿಂದಿನ ಪಾದದ ಮೂಳೆ ಇನ್ನೊಂದು ಕಾಲಿನ ಕಡೆಗೆ ಸರಿಯುತ್ತದೆ, ಬೆರಳು ಎದುರು ದಿಕ್ಕಿಗೆ ವಾಲುತ್ತದೆ, ನಡುವಿನ ಕೀಲು ಹೊರಚಾಚುತ್ತದೆ.

ವೈದ್ಯರೂ ಇದನ್ನೇ ಎಕ್ಸ್-ರೇ ತೋರಿಸಿ ವಿವರಿಸಿದರು. ಅಗಲ ಮೂತಿಯ ಪಾದರಕ್ಷೆ, ಬೆರಳ ಸಂದಿಯ ಸಿಲಿಕೋನ್ ತುಂಡು, ಅಂಗಾಲಿಗೆ ಹೊಂದುವ ಒಳಮೆತ್ತೆ ಇವೆಲ್ಲ ನೋವು ತಗ್ಗಿಸುತ್ತವೆ, ಬೆರಳನ್ನು ನೆಟ್ಟಗೆ ಮಾಡುವುದಿಲ್ಲ. ನೆಟ್ಟಗಾಗಬೇಕೆಂದರೆ ಮೂಳೆ ಕತ್ತರಿಸಿ ಮರುಜೋಡಿಸುವ ಶಸ್ತ್ರಚಿಕಿತ್ಸೆಯೇ ಬೇಕು. ಅದು ಅಂದಕ್ಕಾಗಿ ಅಲ್ಲ, ನೋವು ನಡಿಗೆಯನ್ನೇ ಕೆಡಿಸಿದಾಗ. ಸಕ್ಕರೆ ಕಾಯಿಲೆಯವರಾದರೆ ಗಂಟಿನ ಮೇಲಿನ ಸಣ್ಣ ಗಾಯವನ್ನೂ ಕೂಡಲೇ ತೋರಿಸಬೇಕೆಂದರು. ಅಮ್ಮ ಸದ್ಯಕ್ಕೆ ಶಸ್ತ್ರಚಿಕಿತ್ಸೆ ಬೇಡವೆಂದಳು.

ಸಂಜೆ ಪಾದ ತುಸು ಊದಿಕೊಂಡಿರುತ್ತದೆ, ಅಳತೆಗೆ ಅದೇ ಸರಿಯಾದ ಹೊತ್ತು. ನನ್ನ ಪ್ರಬಂಧದ ಕರಡು ಹಾಳೆಯ ಹಿಂಬದಿಯಲ್ಲಿ ಅಮ್ಮನನ್ನು ನಿಲ್ಲಿಸಿ ಪೆನ್ಸಿಲ್‌ನಿಂದ ಪಾದದ ಸುತ್ತ ಗೆರೆ ಎಳೆದೆ. ಅಂಗಡಿಯಲ್ಲಿ ಅವಳ ಹಳೆಯ ಅಳತೆಯ ಚಪ್ಪಲಿಗಳನ್ನು ಆ ಹಾಳೆಯ ಮೇಲಿಟ್ಟು ನೋಡಿದೆವು. ಎಲ್ಲದರಲ್ಲೂ ಗೆರೆ ಹೊರಗೇ ಉಳಿಯುತ್ತಿತ್ತು. 'ಇಷ್ಟು ವರ್ಷ ಇದರೊಳಗೆ ಹೇಗೆ ಹಿಡಿಸಿದೆನೋ' ಅಂದಳು ಅಮ್ಮ.